ಗುಬ್ಬಿಯ ಜರ್ಮನಿ ಮೇಷ್ಟ್ರು

ತುಮಕೂರಿನಲ್ಲಿ ಅವರನ್ನು ಎಲ್ಲರೂ ಜರ್ಮನಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಜರ್ಮನಿಗೆ ಹೋಗಿ ಬಂದವರಲ್ಲ, ಆ ಭಾಷೆಯ ಒಂದು ಅಕ್ಷರವೂ ಅವರಿಗೆ ಬರುತ್ತಿರಲಿಲ್ಲ. ಬಿಳಿ ಪಂಚೆ, ಕರಿ ಕೋಟು, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಕೊಡೆ. ಇದರಲ್ಲಿ ಜರ್ಮನಿ ಎಲ್ಲಿಂದ ಬಂತು ಎಂದು ಹೊಸಬರು ಕೇಳುತ್ತಿದ್ದರು. ಅವರ ಕ್ಲಾಸಿನಲ್ಲಿ ಒಂದು ವಾರ ಕೂತರೆ ಗೊತ್ತಾಗುತ್ತಿತ್ತು. ಬಿ.ಎ. ತರಗತಿಗೆ ಅವರು ಹೇಳಬೇಕಾಗಿದ್ದದ್ದು ಇಡೀ ಯುರೋಪಿನ ಚರಿತ್ರೆ. ಮಳೆಗಾಲದಲ್ಲಿ ಜರ್ಮನಿಯೊಳಗೆ ಹೊಕ್ಕವರು ಸಂಕ್ರಾಂತಿ ಕಳೆದರೂ ಹೊರಗೆ ಬರುತ್ತಿರಲಿಲ್ಲ. ಫ್ರಾನ್ಸಿನ ಕ್ರಾಂತಿಯನ್ನು ಕೊನೆಯ ವಾರದಲ್ಲಿ ಓಡುತ್ತಾ ಓಡುತ್ತಾ ಮುಗಿಸುತ್ತಿದ್ದರು. ಇಂಗ್ಲೆಂಡಿಗೆ ನಮ್ಮ ಕ್ಲಾಸಿನಲ್ಲಿ ಜಾಗವೇ ಸಿಗಲಿಲ್ಲ. ನಮ್ಮನ್ನು ಆಳಿ ಹೋದವರಿಗೆ ಅಷ್ಟಾದರೂ ಶಿಕ್ಷೆ ಆಗಲಿ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಕಳೆದ ತಿಂಗಳು ಅವರು ಗುಬ್ಬಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ನನ್ನ ಸಹೋದ್ಯೋಗಿಯೊಬ್ಬರು, "ಅವರ ಬಗ್ಗೆ ಒಂದು ಲೇಖನ ಬರೀರಿ ಸಾರ್, ಎಲ್ಲಿ ಹುಟ್ಟಿದ್ರು, ಎಲ್ಲಿ ಓದಿದ್ರು, ಏನೇನು ಸಾಧನೆ" ಎಂದರು. ನನಗೆ ಅದು ಯಾವುದೂ ನೆಟ್ಟಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಇವತ್ತು ನಾನು ಕುಣಿಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಅನ್ನ ತಿನ್ನುತ್ತಿದ್ದರೆ, ನಮ್ಮಪ್ಪ ಹುಲಿಯೂರುದುರ್ಗದ ಹತ್ತಿರದ ನಮ್ಮೂರಿನಲ್ಲಿ ಸ್ವಂತ ಹೊಲ ಉಳುತ್ತಿದ್ದರೆ, ಎರಡಕ್ಕೂ ಅವರು ಕಾರಣ. ಸಾಧನೆಯ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಅವರಿಂದಲೇ ಕಲಿತ ಚಾಳಿ. ಪಾಠ ಮಾಡುವಾಗ ಅವರು ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಸುಮಾರು ನಾನೂರೈವತ್ತು ವರ್ಷಗಳ ಹಿಂದೆ ಜರ್ಮನ್ ನಾಡಿನಲ್ಲಿ "ಒಬ್ಬ ಸನ್ಯಾಸಿ" ಇದ್ದ, ರೋಮಿನಲ್ಲಿ "ದೊಡ್ಡ ಗುರು" ಇದ್ದ, ಸನ್ಯಾಸಿಯನ್ನು ಕೋಟೆಯಲ್ಲಿ ಬಚ್ಚಿಟ್ಟು ಕಾಪಾಡಿದ "ಒಬ್ಬ ದೊರೆ" ಇದ್ದ. ದೊಡ್ಡ ಗುರುವಿನ ಕಡೆಯವರು ಊರೂರಿಗೆ ಬಂದು ಪಾಪ ಪರಿಹಾರದ ಚೀಟಿ ಮಾರಿದರು. ಸನ್ಯಾಸಿ ಅದು ತಪ್ಪು ಎಂದ. ಮಠದೊಳಗೆ ಮುಗಿಯಬೇಕಾಗಿದ್ದ ಜಗಳ ಅಚ್ಚಿನ ಮನೆಗಳಿಂದಾಗಿ ಬೀದಿಗೆ ಬಂತು. ಹೀಗೆ ಕಥೆ ಸಾಗುತ್ತಿರುವಾಗ ಹಿಂದಿನ ಬೆಂಚಿನಿಂದ ಯಾರಾದರೂ, "ಸಾರ್, ಆ ಸನ್ಯಾಸಿ ಹೆಸರೇನು ಸಾರ್? ಪರೀಕ್ಷೇಲಿ ಕೇಳ್ತಾರೆ" ಎನ್ನುತ್ತಿದ್ದರು.

"ಪುಸ್ತಕದಲ್ಲಿದೆ, ಹೋಗಿ ನೋಡ್ಕೊಳೋ. ನಾನು ಹೇಳ್ಬಿಟ್ರೆ ನೀನು ಹೆಸರು ಉರು ಹೊಡ್ಕೊಂಡು ಮನುಷ್ಯನ್ನ ಕೈಬಿಡ್ತೀಯ. ಚಕ್ರವರ್ತಿ ಮುಂದೆ ಒಬ್ಬನೇ ನಿಂತ್ಕೊಂಡು ನನ್ನ ಮಾತು ವಾಪಸ್ ತಗೊಳಲ್ಲ ಅಂದಾಗ ಅವನಿಗೆ ಎಷ್ಟು ಭಯ ಆಗಿರ್ಬೇಕು, ಅದನ್ನ ಯೋಚನೆ ಮಾಡು ಮೊದಲು" ಎಂದು ಅವರು ಗದರುತ್ತಿದ್ದರು.

ಉತ್ತರ ಪತ್ರಿಕೆಯಲ್ಲಿ ಯಾರಾದರೂ ಆ ಸನ್ಯಾಸಿಯನ್ನು ಮಹಾನ್ ವ್ಯಕ್ತಿ ಎಂದು ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದರು. ಮಹಾನ್ ಎನ್ನುವುದು ಉತ್ತರವಲ್ಲ, ಉತ್ತರದಿಂದ ತಪ್ಪಿಸಿಕೊಳ್ಳುವ ದಾರಿ ಎಂದು ಅವರ ಅಭಿಪ್ರಾಯ. ಒಮ್ಮೆ ಒಬ್ಬ ಹುಡುಗ ಎದ್ದು, ಇಂಥ ಸುಧಾರಣೆ ನಮ್ಮ ನಾಡಿನಲ್ಲಿ ಎಷ್ಟೋ ಮೊದಲೇ ಆಗಿತ್ತಲ್ಲ ಸಾರ್ ಎಂದು ಎದೆಯುಬ್ಬಿಸಿ ಹೇಳಿದ. ಮೇಷ್ಟ್ರು, "ಅದನ್ನ ನಿಮ್ಮ ಕನ್ನಡ ಮೇಷ್ಟ್ರು ಚೆನ್ನಾಗಿ ಹೇಳ್ತಾರೆ. ನಮ್ಮನ್ನ ನಾವು ಹೊಗಳ್ಕೊಳೋಕೆ ಜರ್ಮನಿವರೆಗೂ ಯಾಕೆ ಹೋಗ್ಬೇಕು, ಕೂತ್ಕೊ" ಎಂದರು. ಅವನು ಕೂತ.

ನಮ್ಮದು ಕನ್ನಡ ಮಾಧ್ಯಮ. ಒಳ್ಳೆಯ ಪಠ್ಯಪುಸ್ತಕಗಳು ಇನ್ನೂ ಇರದ ಕಾಲ. ಮೇಷ್ಟ್ರು ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ಓದಿಕೊಂಡು ಬಂದು ಎಲ್ಲವನ್ನೂ ನಮ್ಮ ಸೀಮೆಗೆ ಇಳಿಸುತ್ತಿದ್ದರು. ಆಗಿನ ಜರ್ಮನಿ ಒಂದು ದೇಶವಲ್ಲ, ನೂರಾರು ದೊರೆಗಳ ಕೈಯಲ್ಲಿ ಚೂರುಚೂರಾಗಿದ್ದ ನಾಡು. "ನಮ್ಮ ಪಾಳೇಗಾರರ ಕಾಲ ಅಂತ ತಿಳ್ಕೊಳಿ. ಹುಲಿಯೂರುದುರ್ಗಕ್ಕೊಬ್ಬ, ಕುಣಿಗಲ್‌ಗೊಬ್ಬ, ಗುಬ್ಬಿಗೊಬ್ಬ. ಮೇಲೊಬ್ಬ ಚಕ್ರವರ್ತಿ ಇದಾನೆ, ಅವನ ಮಾತನ್ನ ಯಾವನೂ ಕೇಳಲ್ಲ" ಎನ್ನುತ್ತಿದ್ದರು. ಬಡಿದಾಡಿ ಸುಸ್ತಾದ ದೊರೆಗಳು ಕೊನೆಗೆ, ದೊರೆಯ ಧರ್ಮ ಯಾವುದೋ ಪ್ರಜೆಯದೂ ಅದೇ ಎಂದು ಒಪ್ಪಂದ ಮಾಡಿಕೊಂಡ ಪಾಠ ಬಂದಾಗ ಅವರು ಬೋರ್ಡಿನ ಮೇಲೆ ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಬಸ್ಸಿನ ದಾರಿಯನ್ನು ಎಳೆದರು. ಚಿತ್ರ ಬರೆಯುವುದರಲ್ಲಿ ಅವರ ಕೈ ಬಹಳ ಕೆಟ್ಟದು, ಬಸ್ಸು ಎಮ್ಮೆಯ ಹಾಗೆ ಕಾಣುತ್ತಿತ್ತು.

"ತುಮಕೂರಲ್ಲಿ ಬಸ್ ಹತ್ತುವಾಗ ನಿನ್ನ ಹಣೇಲಿ ವಿಭೂತಿ. ಹೆಬ್ಬೂರು ಬಂತು, ಕಂಡಕ್ಟರ್ ಕೂಗ್ತಾನೆ, ಎಲ್ಲಾ ಒರೆಸ್ಕೊಳ್ರಪ್ಪಾ, ಇಲ್ಲಿಂದ ಮುಂದಕ್ಕೆ ನಾಮ! ಈಗ ಹೇಳು, ಒರೆಸ್ಕೋತೀಯೋ, ಇಳಿದು ಹೋಗ್ತೀಯೋ?"

"ಇಳಿದ್ರೆ ಟಿಕೆಟ್ ಕಾಸು ವಾಪಸ್ ಕೊಡ್ತಾರಾ ಸಾರ್?" ಎಂದು ಒಬ್ಬ ಕೇಳಿದ.

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಒಳ್ಳೇ ಪ್ರಶ್ನೆ ಕೇಳಿದೆ ಕಣೋ. ಮನೆ ಹೊಲ ಮಾರ್ಕೊಂಡು ಹೋಗು ಅಂತ ಬಿಡ್ತಿದ್ರು. ಅಷ್ಟು ಬಿಟ್ಟಿದ್ದೇ ಆ ಕಾಲಕ್ಕೆ ದೊಡ್ಡದು" ಎಂದು ಹೇಳಿ, ಆ ಪ್ರಶ್ನೆ ಕೇಳಿದವನ ಬೆನ್ನು ತಟ್ಟಿದರು. ಆ ಪಾಠ ನಮಗೆ ಯಾರಿಗೂ ಇವತ್ತಿನವರೆಗೂ ಮರೆತಿಲ್ಲ.

ತುರ್ತು ಪರಿಸ್ಥಿತಿಯ ದಿನಗಳಲ್ಲಿ ನಮ್ಮ ಪ್ರಿನ್ಸಿಪಾಲರು ಸ್ವಲ್ಪ ಪುಕ್ಕಲಾಗಿದ್ದರು. ಸ್ಟಾಫ್ ರೂಮಿಗೆ ಬಂದು, ಈ ವರ್ಷ ಜರ್ಮನಿಯ ರೈತರ ದಂಗೆಯ ಪಾಠವನ್ನು ಚಿಕ್ಕದಾಗಿ ಮುಗಿಸಿದರೆ ಒಳ್ಳೆಯದು, ಕಾಲ ಸರಿಯಿಲ್ಲ ಎಂದರಂತೆ. ಮೇಷ್ಟ್ರು ಬಹಳ ವಿನಯದಿಂದ, "ಸಾರ್, ಇದು ನಾನೂರೈವತ್ತು ವರ್ಷದ ಹಿಂದಿನ ಗಲಾಟೆ. ಇದಕ್ಕೆ ಈಗಿನ ಸರ್ಕಾರ ಜವಾಬ್ದಾರಿ ಅಲ್ಲ ಅಂತ ಮೊದಲೇ ಹೇಳ್ಬಿಟ್ಟು ಶುರು ಮಾಡ್ತೀನಿ" ಎಂದರು. ಹಾಗೆಯೇ ಹೇಳಿ ಶುರು ಮಾಡಿದರು ಕೂಡ. ನಾವು ಬಿದ್ದು ಬಿದ್ದು ನಕ್ಕೆವು. ಯಾರು ಎಲ್ಲಿಗೆ ಸುದ್ದಿ ಮುಟ್ಟಿಸುತ್ತಾರೋ ಎಂದು ಎಲ್ಲರೂ ಪಿಸುಮಾತಾಡುತ್ತಿದ್ದ ಕಾಲದಲ್ಲಿ ಹಾಗೆ ನಗುವುದಕ್ಕೆ ಸಿಕ್ಕಿದ್ದೇ ಪುಣ್ಯ.

ರೈತರ ದಂಗೆಯ ಪಾಠವನ್ನು ಅವರು ಬೇರೆ ಥರ ಮಾಡುತ್ತಿದ್ದರು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಕ್ಲಾಸಿಗೆ ಕ್ಲಾಸೇ ಪಂಚಾಯ್ತಿ ಆಗಿಬಿಡುತ್ತಿತ್ತು. ಒಬ್ಬ ಸನ್ಯಾಸಿ, ಒಬ್ಬ ದೊರೆ, ಒಬ್ಬ ರೈತ. ಉಳಿದವರು ಊರಿನ ಯಜಮಾನರು. ಸಂಗತಿ ಇಷ್ಟು: ಸನ್ಯಾಸಿಯ ಮಾತು ಕೇಳಿ ಧೈರ್ಯ ಬಂದ ರೈತರು ತಮ್ಮ ಬೇಡಿಕೆಗಳನ್ನು ಬರೆದು ದೊರೆಗಳ ಮುಂದಿಟ್ಟರು. ಕಾಡಿನಲ್ಲಿ ಸೌದೆಗೆ, ಹೊಳೆಯಲ್ಲಿ ಮೀನಿಗೆ ಬಿಡಿ, ಗೇಣಿ ಏರಿಸಬೇಡಿ, ನಮ್ಮ ಊರಿನ ಪೂಜಾರಿಯನ್ನು ನಾವೇ ಆರಿಸಿಕೊಳ್ಳುತ್ತೇವೆ, ಹೀಗೆ. ದೊರೆಗಳು ಒಪ್ಪಲಿಲ್ಲ, ದಂಗೆ ಎದ್ದಿತು. ನಮ್ಮ ಪರ ನಿಲ್ಲುತ್ತಾನೆ ಎಂದು ರೈತರು ನಂಬಿದ್ದ ಸನ್ಯಾಸಿಯೇ, ಇವರನ್ನು ಹೊಡೆದು ಹಾಕಿ ಎಂದು ದೊರೆಗಳಿಗೆ ಬರೆದ. ಅದರಂತೆ ಹೊಡೆದು ಹಾಕಿದರು. ತಪ್ಪು ಯಾರದು ಎಂದು ಪಂಚಾಯ್ತಿ ತೀರ್ಮಾನ ಮಾಡಬೇಕು.

ನಮ್ಮ ವರ್ಷ ರೈತನ ಪಾತ್ರ ನನಗೆ ಬಂತು. ನನ್ನ ಮಾತಿನ ಧಾಟಿ ಕೇಳಿಯೇ ಮೇಷ್ಟ್ರು ನನ್ನನ್ನು ಆರಿಸಿದ್ದು. ನಾನು ರೈತರ ಬೇಡಿಕೆಗಳನ್ನು ಒಂದೊಂದಾಗಿ ಹೇಳುತ್ತಾ ಕೊನೆಯದಕ್ಕೆ ಬಂದೆ. ಇದರಲ್ಲಿ ಯಾವುದಾದರೂ ದೇವರ ಮಾತಿಗೆ ವಿರುದ್ಧ ಎಂದು ತೋರಿಸಿಕೊಟ್ಟರೆ ಅದನ್ನು ಕೈಬಿಡುತ್ತೇವೆ ಎಂದು ಅದರ ಅರ್ಥ. ಹುಡುಗರೆಲ್ಲ ಹೋ ಎಂದು ನಕ್ಕರು. ತನ್ನ ಅರ್ಜಿಯ ಕೊನೆಗೆ ತಾನೇ ಇಂಥ ಮಾತು ಸೇರಿಸುವ ಪೆದ್ದ ಎಲ್ಲಾದರೂ ಇರುತ್ತಾನೆಯೇ?

ಮೇಷ್ಟ್ರು ಕಿಟಕಿಯ ಹತ್ತಿರ ನಿಂತಿದ್ದರು. "ನನಗೂ ಅದು ಇನ್ನೂ ಅರ್ಥ ಆಗಿಲ್ಲ ಕಣ್ರೋ. ದಂಗೆ ಏಳೋಕೆ ಹೊರಟೋನು ಹಿಂಗೆ ಯಾಕೆ ಬರೀತಾನೆ?" ಎಂದರು. ಮೇಷ್ಟ್ರೊಬ್ಬರು ತುಂಬಿದ ಕ್ಲಾಸಿನ ಮುಂದೆ ನನಗೆ ಅರ್ಥ ಆಗಿಲ್ಲ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವತ್ತು ಪಂಚಾಯ್ತಿ ಮುಗಿದ ಮೇಲೆ ನಾನು ಹೊರಗೆ ಹೋಗದೆ ಬೆಂಚಿನಲ್ಲೇ ಕೂತಿದ್ದೆ. ನನ್ನ ತಲೆಯಲ್ಲಿ ಜರ್ಮನಿ ಇರಲಿಲ್ಲ, ನಮ್ಮ ಮನೆ ಇತ್ತು. ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂದಿತ್ತು. ಗೇಣಿ ಮಾಡುವವರು ಅರ್ಜಿ ಹಾಕಿಕೊಂಡರೆ ತಾಲ್ಲೂಕಿನ ನ್ಯಾಯಮಂಡಳಿ ವಿಚಾರಣೆ ಮಾಡಿ ಹೊಲವನ್ನು ಅವರ ಹೆಸರಿಗೆ ಮಾಡಿಕೊಡುತ್ತಿತ್ತು. ನಮ್ಮೂರಿನಲ್ಲಿ ಆಗಲೇ ಹಲವರು ಹಾಕಿದ್ದರು, ಅಪ್ಪ ಹಾಕಿರಲಿಲ್ಲ. ನಾವು ತಾತನ ಕಾಲದಿಂದ ಉಳುತ್ತಿದ್ದದ್ದು ನಮ್ಮ ಸೀಮೆಯ ಒಂದು ಚಿಕ್ಕ ಮಠದ ಹೊಲ. ಅದೇ ಮಠದವರು ತುಮಕೂರಿನಲ್ಲಿ ನಡೆಸುತ್ತಿದ್ದ ಉಚಿತ ಹಾಸ್ಟೆಲಿನಲ್ಲಿ ನಾನು ಊಟ ಮಾಡಿಕೊಂಡು ಓದುತ್ತಿದ್ದೆ. ಅರ್ಜಿಯ ಗಡುವು ಹತ್ತಿರ ಬರುತ್ತಿತ್ತು. ಹಾಕದಿದ್ದರೆ ಹೊಲ ಯಾವತ್ತಿಗೂ ನಮ್ಮದಲ್ಲ. ಹಾಕಿದರೆ ನನ್ನ ಓದಿನ ಗತಿ ಏನೋ ಗೊತ್ತಿಲ್ಲ. ಮೇಷ್ಟ್ರು ಬೋರ್ಡು ಒರೆಸುತ್ತಾ ಯಾಕೋ ಎಂದು ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಉಪದೇಶ ಮಾಡಲಿಲ್ಲ. "ನಾಳೆ ಭಾನುವಾರ ತಾನೆ? ನಿಮ್ಮಪ್ಪನ್ನ ನೋಡ್ಬೇಕಲ್ಲ, ನಡಿ" ಎಂದರು.

ಮಾರನೆಯ ದಿನ ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ನಮ್ಮೂರಿಗೆ ಬಂದರು. ಅಪ್ಪ ಅವರಿಗೆ ಕಂಬಳಿ ಹಾಸಿ ಕೂರಿಸಿ, ತಾನು ಕೆಳಗೆ ಕೂತ. ಮೇಷ್ಟ್ರೂ ಕಂಬಳಿ ಬಿಟ್ಟು ಕೆಳಗೇ ಕೂತರು. ಯಾಕಪ್ಪ ಅರ್ಜಿ ಹಾಕಿಲ್ಲ ಎಂದು ಕೇಳಿದರು.

"ದೇವ್ರ ಹೊಲ ಸ್ವಾಮಿ. ಅದೂ ಅಲ್ದೆ ನನ್ ಮಗ ಅವ್ರ ಅನ್ನ ತಿಂತಾವ್ನೆ. ಆ ಕಡೆ ಉಣ್ಣೋದು, ಈ ಕಡೆ ಕಿತ್ಕೊಳ್ಳೋದು, ಅದು ಮನುಷ್ಯ ಮಾಡೋ ಕೆಲ್ಸನಾ?"

"ಹಂಗಾದ್ರೆ ಬಿಟ್ಬಿಡ್ತೀಯಾ?"

ಅಪ್ಪ ತಲೆ ಅಲ್ಲಾಡಿಸಿದ. "ಬುಡಕ್ಕೂ ಮನ್ಸಿಲ್ಲ. ನಮ್ಮಪ್ಪ ಕಲ್ಲು ಆಯ್ದು ಮಾಡಿದ್ ಹೊಲ. ಒಂದ್ ಮಾತು ಬುದ್ಯೋರ್ನೇ ಕೇಳ್ಬುಡ್ತೀನಿ. ಅವ್ರು ಅಪ್ಪಣೆ ಕೊಟ್ರೆ ಹಾಕ್ತೀನಿ."

ಬುದ್ಧಿಯವರು ಎಂದರೆ ಮಠದ ಸ್ವಾಮಿಗಳು. ಸ್ವಾಮಿಗಳನ್ನು ನಮ್ಮ ಕಡೆ ಬುದ್ಧಿ ಎಂದೇ ಕರೆಯುವುದು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಅಪ್ಪಾ, ಯಾರ ಮೇಲೆ ಅರ್ಜಿ ಹಾಕ್ತಿದೀಯೋ ಅವರ ಹತ್ರಾನೇ ಅಪ್ಪಣೆ ಕೇಳ್ತಾರಾ ಯಾರಾದ್ರೂ?" ಎಂದೆ.

"ಇನ್ಯಾರತ್ರ ಕೇಳದ್ಲಾ? ತಾಸೀಲ್ದಾರ್ರತ್ರ ಕೇಳಕ್ಕಾಯ್ತದಾ?" ಎಂದು ಅಪ್ಪ ನನ್ನ ಮೇಲೇ ರೇಗಿದ.

ನಾನು ಮೇಷ್ಟ್ರ ಮುಖ ನೋಡಿದೆ, ಅವರಾದರೂ ಬುದ್ಧಿ ಹೇಳಲಿ ಎಂದು. ಅವರ ಮುಖ ಅರಳಿತ್ತು. "ಇದೇ ಕಣೋ! ಆ ಕೊನೇ ಬೇಡಿಕೆ ಇದೇ! ಆ ರೈತರು ಪೆದ್ದರಲ್ಲ. ದೊರೆ ಹತ್ರ ಹೊಲ ಕೇಳ್ತಾ ಇದ್ರು, ದೇವರ ಹತ್ರ ಅಪ್ಪಣೆ ಕೇಳ್ತಾ ಇದ್ರು" ಎಂದು ಹೇಳಿ ಎದ್ದು ನಿಂತುಬಿಟ್ಟರು. ಅಪ್ಪನಿಗೆ ಅವರು ಏನು ಹೇಳುತ್ತಿದ್ದಾರೆಂದು ತಿಳಿಯಲಿಲ್ಲ, ಆದರೆ ತನ್ನ ಮಾತನ್ನು ಒಬ್ಬ ಕಾಲೇಜಿನ ಮೇಷ್ಟ್ರು ಒಪ್ಪಿದ್ದು ಮಾತ್ರ ತಿಳಿಯಿತು. "ನಡಿಯಪ್ಪ, ನಾನೂ ಬರ್ತೀನಿ" ಎಂದು ಮೇಷ್ಟ್ರು ಕೊಡೆ ತೆಗೆದುಕೊಂಡರು.

ಮಠ ನಮ್ಮೂರಿಂದ ನಡೆದು ಹೋಗುವಷ್ಟೇ ದೂರ. ಅಪ್ಪ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟು ಅಡ್ಡಬಿದ್ದು, ಎದ್ದು ಕೈಮುಗಿದು ನಿಂತು, "ಬುದ್ಧೀ, ನಿಮ್ ಮ್ಯಾಲೆ ಅರ್ಜಿ ಹಾಕಕ್ಕೆ ಅಪ್ಪಣೆ ಆಗ್ಬೇಕು" ಎಂದ.

ಪಕ್ಕದಲ್ಲಿ ಪಾರುಪತ್ಯಗಾರರು, ಅಂದರೆ ಮಠದ ಆಸ್ತಿ ನೋಡಿಕೊಳ್ಳುವವರು, ನಿಂತಿದ್ದರು. ಅವರಿಗೆ ಮೈಯೆಲ್ಲ ಉರಿದುಹೋಯಿತು. "ಏನ್ಲಾ, ಉಂಡ ಮನೆಗೆ ಕಲ್ಲು ಹೊಡಿಯೋಕೆ ಅಪ್ಪಣೆ ಬೇರೆ ಕೇಳ್ತೀಯಾ? ನಿನ್ ಮಗ ಎಲ್ಲಿ ಉಣ್ತಾವ್ನೆ ಅನ್ನೋದು ಗೆಪ್ತಿ ಐತಾ?" ಎಂದು ಕೂಗಿದರು.

ಸ್ವಾಮಿಗಳು ಕೈಯೆತ್ತಿ ಅವರನ್ನು ಸುಮ್ಮನಿರಿಸಿದರು. ವಯಸ್ಸಾದವರು, ಮೆಲುದನಿಯವರು. ನಮ್ಮ ಹಾಸ್ಟೆಲಿನ ಹುಡುಗರಿಂದ ಮೇಷ್ಟ್ರ ಪಾಠಗಳ ಸುದ್ದಿ ಅವರಿಗೂ ಮುಟ್ಟಿತ್ತು. "ಮೇಷ್ಟ್ರೇ, ನಿಮ್ಮ ಜರ್ಮನಿ ಸನ್ಯಾಸಿಗಳು ಇಂಥ ಹೊತ್ತಲ್ಲಿ ಏನು ಮಾಡಿದ್ರು?" ಎಂದು ಕೇಳಿದರು.

ಮೇಷ್ಟ್ರು ಒಂದು ಸುಳ್ಳು ಹೇಳಿದ್ದರೆ, ರೈತರ ಪರ ನಿಂತರು ಬುದ್ಧಿ ಎಂದುಬಿಟ್ಟಿದ್ದರೆ, ಅದು ಸುಳ್ಳು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ, "ರೈತರನ್ನ 'ಹೊಡೀರಿ' ಅಂತ ದೊರೆಗಳಿಗೆ ಬರೆದ್ರು ಬುದ್ಧಿ" ಎಂದರು.

ಪಾರುಪತ್ಯಗಾರರ ಮುಖದಲ್ಲಿ ಗೆಲುವು ಕಂಡಿತು. ಸ್ವಾಮಿಗಳ ಮುಖದಲ್ಲಿ ಕಾಣಲಿಲ್ಲ. "ಅದು ತಪ್ಪು ಅಂತೀರಾ?" ಎಂದು ಕೇಳಿದರು.

"ನನ್ನ ಹುಡುಗರು ವರ್ಷಾ ವರ್ಷಾ ಪಂಚಾಯ್ತಿ ಮಾಡ್ತಾರೆ, ಇನ್ನೂ ತೀರ್ಮಾನ ಆಗಿಲ್ಲ."

ಸ್ವಾಮಿಗಳು ಸ್ವಲ್ಪ ನಕ್ಕರು. ಆಮೇಲೆ ಹೇಳಿದರು, "ನಾನು ಅಪ್ಪಣೆ ಕೊಟ್ರೆ ಹಿಂದಿನವರು ನಂಬಿ ಬಿಟ್ಟುಹೋದದ್ದನ್ನ ನಾನೇ ಕಳೆದ ಹಾಗಾಗುತ್ತೆ. ಬೇಡ ಅಂದ್ರೆ ಉಳೋನ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ. ನಾನು ಎರಡೂ ಹೇಳೋದಿಲ್ಲಪ್ಪ."

ಅಪ್ಪನ ಮುಖ ಬಿದ್ದುಹೋಯಿತು. ಅಡ್ಡಬಿದ್ದು ಎದ್ದು, "ಅಂಗಾರೆ ಬ್ಯಾಡ ಬುಡಿ ಬುದ್ಧಿ" ಎಂದು ಹಿಂದಕ್ಕೆ ಸರಿದ. ನಮ್ಮ ಹೊಲ ಕಣ್ಣೆದುರಿಗೇ ಹೋಯಿತು ಎಂದುಕೊಂಡೆ. ಆಗ ಮೇಷ್ಟ್ರು ಬಾಯಿ ತೆರೆದರು. "ಬುದ್ಧಿ, ಇವತ್ತಿಂದ ಈ ಹುಡುಗ ನಮ್ಮನೇಲಿ ಊಟ ಮಾಡ್ತಾನೆ."

"ಮಠದಲ್ಲಿ ಯಾರಿಗೂ ಊಟಕ್ಕೆ ಬರಬೇಡಿ ಅಂದಿಲ್ಲ ಮೇಷ್ಟ್ರೇ" ಎಂದರು ಸ್ವಾಮಿಗಳು.

"ಗೊತ್ತು ಬುದ್ಧಿ. ನೀವು ಬೇಡ ಅನ್ನಲ್ಲ ಅನ್ನೋದೇ ಇವರಪ್ಪನಿಗೆ ಕಷ್ಟ ಆಗಿರೋದು."

ಸ್ವಾಮಿಗಳು ನನ್ನನ್ನು ಹತ್ತಿರ ಕರೆದು ಹಣೆಗೆ ವಿಭೂತಿ ಹಚ್ಚಿ, ಚೆನ್ನಾಗಿ ಓದು ಎಂದರು. ಹೊರಗೆ ಬಂದ ಮೇಲೆ ಮೇಷ್ಟ್ರು ಅಪ್ಪನಿಗೆ, "ಈಗ ನಿನ್ನ ಮಗ ಅಲ್ಲಿ ಉಣ್ಣೋದಿಲ್ಲ. ಇನ್ನು ನಿನಗೆ ಸರಿ ಕಂಡ ಹಾಗೆ ಮಾಡಪ್ಪ, ಹಾಕು ಅಂತ ನಾನೂ ಹೇಳಲ್ಲ" ಎಂದಷ್ಟೇ ಹೇಳಿದರು. ಗಡುವಿಗೆ ಮುಂಚೆ ಅಪ್ಪ ಕುಣಿಗಲ್ಲಿಗೆ ಹೋಗಿ ಅರ್ಜಿ ಹಾಕಿ ಬಂದ.

ಹೆಂಡತಿಯನ್ನು ಒಂದು ಮಾತೂ ಕೇಳದೆ ಮೇಷ್ಟ್ರು ನನ್ನನ್ನು ಗುಬ್ಬಿಗೆ ಕರೆದುಕೊಂಡು ಬಂದಿದ್ದರು. ನನ್ನ ತಗಡಿನ ಪೆಟ್ಟಿಗೆ ನೋಡಿ ಅವರ ಮನೆಯವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಜರ್ಮನಿ ಪಾಠ ಮಾಡೀ ಮಾಡೀ ಕೊನೆಗೆ ಮನೆಗೇ ಒಬ್ಬ ರೈತನ್ನ ಕರ್ಕೊಂಡು ಬಂದ್ರಾ? ದೊರೆ, ಸನ್ಯಾಸಿ ಎಲ್ಲಾ ಯಾವಾಗ ಬರ್ತಾರೆ ಹೇಳ್ಬಿಡಿ, ಅಕ್ಕಿ ಜಾಸ್ತಿ ಹಾಕ್ತೀನಿ" ಎಂದರು. ಅಷ್ಟು ಹೇಳಿ ಒಳಗೆ ಹೋಗಿ ನನಗೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಅವತ್ತಿನಿಂದ ಆ ಮನೆಯಲ್ಲಿ ನನಗೆ ರೈತ ಎಂದೇ ಹೆಸರು. ರೈತನಿಗೆ ಇನ್ನೊಂದು ಮುದ್ದೆ, ರೈತನ ಶರ್ಟಿಗೆ ಗುಂಡಿ ಇಲ್ಲ, ರೈತ ರಾತ್ರಿಯೆಲ್ಲ ಕೆಮ್ಮುತ್ತಿದ್ದ ಕಷಾಯ ಮಾಡಬೇಕು. ನಾನೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ನನ್ನನ್ನು ಅವರು ಒಂದು ದಿನವೂ ಹಂಗಿನವನ ಹಾಗೆ ನೋಡಲಿಲ್ಲ.

ದಿನಾ ಬೆಳಗ್ಗೆ ನಾನೂ ಮೇಷ್ಟ್ರೂ ಪ್ಯಾಸೆಂಜರ್ ಗಾಡಿಯಲ್ಲಿ ತುಮಕೂರಿಗೆ ಹೋಗುತ್ತಿದ್ದೆವು. ಗಾಡಿ ಅಲುಗಾಡಿದ ತಕ್ಷಣ ಮೇಷ್ಟ್ರಿಗೆ ನಿದ್ದೆ. ಅವರನ್ನು ಎಬ್ಬಿಸುವುದು ನನ್ನ ಕೆಲಸ. ಒಂದು ದಿನ ಪರೀಕ್ಷೆಗೆ ಓದಿ ಸುಸ್ತಾಗಿದ್ದ ನಾನೂ ಮಲಗಿಬಿಟ್ಟೆ. ಕಣ್ಣು ಬಿಟ್ಟಾಗ ತುಮಕೂರು ದಾಟಿ ಹಿರೇಹಳ್ಳಿ ಬಂದಿತ್ತು. ಗಾಬರಿಯಿಂದ ಇಬ್ಬರೂ ಇಳಿದೆವು. ಮೇಷ್ಟ್ರು ಪ್ಲಾಟ್‌ಫಾರಂ ಮೇಲೆ ನಿಂತು, ಹಣೆ ಮುಟ್ಟಿ ನೋಡಿಕೊಂಡು, "ಗಡಿ ದಾಟಿಬಿಟ್ವಲ್ಲೋ, ಧರ್ಮ ಏನಾದ್ರೂ ಬದಲಾಯ್ತಾ ನೋಡು" ಎಂದರು. ಕಾಲೇಜಿಗೆ ಹೋಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ತಡ ಯಾಕೆ ಎಂದು ಪ್ರಿನ್ಸಿಪಾಲರು ಕೇಳಿದ್ದಕ್ಕೆ ನಿದ್ದೆ ಬಂದಿತ್ತು ಸಾರ್ ಎಂದು ನಿಜವನ್ನೇ ಹೇಳಿದರು.

ಪ್ರಿನ್ಸಿಪಾಲರ ನಿವೃತ್ತಿಯ ನಂತರ ಆ ಕುರ್ಚಿ ಮೇಷ್ಟ್ರಿಗೆ ಬರಬೇಕಾಗಿತ್ತು, ಬರಲಿಲ್ಲ. ಆಡಳಿತ ಸಮಿತಿಯಲ್ಲಿ ಆ ಪಾರುಪತ್ಯಗಾರರ ನೆಂಟರೊಬ್ಬರಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ಗೊತ್ತಿಲ್ಲ, ಇತ್ತು ಎಂದು ಊರವರು ಮಾತಾಡಿಕೊಂಡರು. ನಾನು ಆ ವಿಷಯ ಎತ್ತಿದಾಗ ಮೇಷ್ಟ್ರು, "ಪ್ರಿನ್ಸಿಪಾಲ್ ಆಗಿದ್ರೆ ಪಾಠ ಮಾಡೋಕೆ ಬಿಡ್ತಿರ್ಲಿಲ್ಲ ಕಣೋ" ಎಂದರು. ಅಮ್ಮ ಒಳಗಿನಿಂದ, "ಗಾಡೀಲಿ ನಿದ್ದೆ ಮಾಡೋಕೂ ಬಿಡ್ತಿರ್ಲಿಲ್ಲ" ಎಂದರು. ಅವರಿಬ್ಬರೂ ಅದನ್ನು ಅಲ್ಲಿಗೇ ಬಿಟ್ಟರು. ನನಗೆ ಬಿಡಲಾಗಲಿಲ್ಲ, ಆ ಕಾರಣಕ್ಕೇ ಇನ್ನೂ ಹೆಚ್ಚು ಓದಿದೆ.

ಅಪ್ಪನ ಅರ್ಜಿ ವರ್ಷಗಟ್ಟಲೆ ಎಳೆಯಿತು. ಮಠದ ವಕೀಲರು ಬಿಡದೆ ವಾದ ಮಾಡಿದರು. ಅಪ್ಪ ಪ್ರತಿ ವಾಯಿದೆಗೂ ಕುಣಿಗಲ್ಲಿಗೆ ಹೋಗಿ ಸಂಜೆಯವರೆಗೂ ಕೂತು ಬರುತ್ತಿದ್ದ. ನಾನು ಎಂ.ಎ. ಮುಗಿಸಿ ಕುಣಿಗಲ್ಲಿನಲ್ಲೇ ಕೆಲಸಕ್ಕೆ ಸೇರಿದ ಮೇಲೆ, ಎಂಬತ್ತರ ದಶಕದ ಮೊದಲಲ್ಲಿ, ಕೊನೆಗೂ ತೀರ್ಪು ನಮ್ಮ ಕಡೆಗಾಯಿತು. ಆ ವರ್ಷ ರಾಗಿ ಚೆನ್ನಾಗಿ ಬಂತು. ಸುಗ್ಗಿ ಮುಗಿದ ಮೇಲೆ ಅಪ್ಪ ಒಂದು ಚೀಲ ರಾಗಿ ಹೊರಿಸಿಕೊಂಡು ನನ್ನ ಜೊತೆ ಗುಬ್ಬಿಗೆ ಹೊರಟ. ಮೇಷ್ಟ್ರಿಗೆ ಆಗಲೇ ನಿವೃತ್ತಿಯಾಗಿತ್ತು. ಕೂದಲು ಪೂರ್ತಿ ನೆರೆತಿತ್ತು, ಮೊಣಕಾಲು ನೋವು ಬಂದಿತ್ತು. ಅಪ್ಪ ಚೀಲವನ್ನು ಜಗಲಿಯ ಮೇಲೆ ಇಳಿಸಿ, "ನಮ್ ಹೊಲದ್ದು ಮೇಷ್ಟ್ರೇ" ಎಂದ. ನಮ್ಮ ಎನ್ನುವ ಮಾತನ್ನು ಅವನು ಅಷ್ಟು ಒತ್ತಿ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅಮ್ಮ ಕಾಫಿ ತಂದರು. ಕುಡಿಯುತ್ತಾ ಅಪ್ಪ ಏನೋ ಮಾತಿಗೆ, "ಮಠಕ್ಕೂ ರಾಗಿ ಹಾಕ್ಬಂದೆ, ಯಾವಾಗ್ಲೂ ಹಾಕ್ತಿದ್ನಲ್ಲ ಅಷ್ಟೇಯ" ಎಂದ.

ನನಗೆ ಕೋಪ ನೆತ್ತಿಗೇರಿತು. "ಏನಪ್ಪಾ ನೀನು! ಅಷ್ಟು ವರ್ಷ ಕೋರ್ಟು ಕಚೇರಿ ಅಂತ ಅಲೆದದ್ದು ಯಾತಕ್ಕೆ ಹಂಗಾದ್ರೆ? ಗೇಣಿ ತಪ್ಪಲಿ ಅಂತ ತಾನೆ? ಈಗ ನೀನೇ ಹೊತ್ಕೊಂಡು ಹೋಗಿ ಅಷ್ಟೇ ರಾಗಿ ಹಾಕಿ ಬರ್ತೀಯಾ?" ಎಂದೆ. ಇವರ ಪ್ರಿನ್ಸಿಪಾಲ್‌ಗಿರಿ ತಪ್ಪಿದ್ದು ಇದಕ್ಕಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ನೀವೇ ಹೇಳಿ ಸಾರ್ ಇವನಿಗೆ" ಎಂದೆ.

ಮೇಷ್ಟ್ರು ಲೋಟ ಕೆಳಗಿಟ್ಟರು. ನನ್ನ ಕಡೆ ತಿರುಗಲೇ ಇಲ್ಲ. ಅಪ್ಪನನ್ನು ಕೇಳಿದರು, "ಈ ವರ್ಷ ಹಾಕದೆ ಇದ್ದಿದ್ರೆ ಏನಾಗ್ತಿತ್ತಪ್ಪ?"

ಅಪ್ಪನಿಗೆ ಆ ಪ್ರಶ್ನೆ ಹೊಸದು. ಸ್ವಲ್ಪ ಯೋಚಿಸಿದ. ಆಮೇಲೆ ಬಾಯ್ತುಂಬ ನಕ್ಕ. "ಏನಾಯ್ತದೆ? ಏನೂ ಆಗಾಕಿಲ್ಲ ಬುಡಿ ಮೇಷ್ಟ್ರೇ."

"ಮುಂದಿನ ವರ್ಷ?"

"ಮನ್ಸಾದ್ರೆ ಹಾಕ್ತೀನಿ. ಇಲ್ದಿದ್ರೆ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. "ಜೀವಮಾನ ಎಲ್ಲಾ ಪಾಠ ಮಾಡಿದೆ ಕಣೋ" ಎಂದು ನನಗೆ ಹೇಳಿದರು. "ಆ ಸನ್ಯಾಸಿ, ಆ ದೊರೆಗಳು, ಅಷ್ಟು ಜನ ಸತ್ತದ್ದು, ಎಲ್ಲಾ ಯಾತಕ್ಕೆ ಸಾರ್ ಅಂತ ಹುಡುಗರು ಕೇಳಿದ್ರೆ ನೆಟ್ಟಗೆ ಒಂದು ಮಾತು ಹೇಳೋಕೆ ನನಗೆ ಬರ್ತಿರ್ಲಿಲ್ಲ. ಈಗ ಹೇಳಿದ್ರು ನೋಡು ನಿಮ್ಮಪ್ಪ."

ಆಮೇಲೆ ಎದ್ದು, ಮೊಣಕಾಲು ನೋವು ಎಂದು ಅಮ್ಮ ಬೈಯುತ್ತಿದ್ದರೂ ಕೇಳದೆ, ಆ ರಾಗಿ ಚೀಲದ ಒಂದು ತುದಿಯನ್ನು ಅಪ್ಪನಿಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದು, ಇಬ್ಬರೂ ಸೇರಿ ಒಳಗೆ ತೆಗೆದುಕೊಂಡು ಹೋದರು.